ಬಿಡಿ ಅಂದರೆ

ಗಾಜಿನ ಅಂಗಡಿ ಇಟ್ಟದ್ದರಿಂದ ಅವನಿಗೆ ಗಾಜಪ್ಪ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಕಿಟಕಿಗೋ ಕಪಾಟಿಗೋ ಬಚ್ಚಲಮನೆಗೋ ಅಳತೆಗೆ ತಕ್ಕಂತೆ ಗಾಜು ಕತ್ತರಿಸಿ, ಭಾವಮೈದನ ಜೊತೆ ಹೊತ್ತೊಯ್ದು ಕೂರಿಸಿ ಬರುವುದು ಅವನ ಕಸುಬು. ಹೊತ್ತೂ ಹೊತ್ತೂ ಬಲಭುಜ ಹಿಡಿದುಕೊಂಡಿತು. ಚೀಗಾಂಗ್ ಮಾಡು, ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ನಿಧಾನವಾಗಿ ಕೈಯಾಡಿಸುತ್ತ ಉಸಿರಾಡುವ ಚೀನಾ ದೇಶದ ಅಭ್ಯಾಸ ಅದು.

ಬೆಳಿಗ್ಗೆ ಪಾರ್ಕಿನಲ್ಲಿ ನಿವೃತ್ತ ಡ್ರಿಲ್ ಮಾಸ್ತರರೊಬ್ಬರು ಒಂದು ಪದ್ಧತಿ ಕಲಿಸುತ್ತಿದ್ದರು. ಎದೆಯ ಮುಂದೆ ಇಲ್ಲದ ಚೆಂಡೊಂದನ್ನು ಹಿಡಿದು ನಿಲ್ಲಬೇಕು. ಅವರು "ಬಿಡಿ" ಎಂದಾಗ ಉಸಿರು ಬಿಡಬೇಕು, ಚೆಂಡು ಬಿಡಕೂಡದು. ಸಂಜೆ ಔಷಧಿ ಅಂಗಡಿಯ ಮಹಡಿಯಲ್ಲಿ ಟೀಚರಮ್ಮನೊಬ್ಬರದು ಇನ್ನೊಂದು ಪದ್ಧತಿ. ಅಲ್ಲಿ "ಬಿಡಿ" ಎಂದರೆ ಉಸಿರಿನ ಗೊಡವೆಯೇ ಇಲ್ಲ. ಕೈಯೆರಡೂ ಒದ್ದೆ ಬಟ್ಟೆಯ ಹಾಗೆ ಜೋತುಬೀಳಬೇಕು. ಒಂದರಿಂದಲೇ ಗುಣ ಕಾಣುವುದಾದರೆ ಎರಡರಿಂದ ಇನ್ನೆಷ್ಟು ಕಾಣಬಹುದು ಎಂದು ಗಾಜಪ್ಪ ಎರಡಕ್ಕೂ ಸೇರಿಕೊಂಡ. ಬೆರೆಸಿದರೆ ಅಪಾಯವೇ ಎಂದು ಯಾರನ್ನೂ ಕೇಳಲಿಲ್ಲ. ಭುಜವೇನೋ ನಿಜಕ್ಕೂ ವಾಸಿಯಾಯಿತು, ಸುಳ್ಳು ಹೇಳಬಾರದು.

ಎಡವಟ್ಟಾದದ್ದು ಆಳೆತ್ತರದ ಒಂದು ಕನ್ನಡಿಯಿಂದ. ಅದನ್ನು ಮೆಟ್ಟಿಲು ಹತ್ತಿಸಿ ಗಿರಾಕಿಯ ಬಾಗಿಲಿಗೆ ತಂದಾಗ, ತಡವಾಯಿತೆಂದು ಭಾವಮೈದ ಹಲ್ಲುಗಿಂಜಿದ. ಮನೆಯಾಕೆ ಒಳ್ಳೆಯ ಮನಸ್ಸಿನಿಂದಲೇ "ಪರವಾಗಿಲ್ಲ ಬಿಡಿ" ಎಂದರು. ಗಾಜಪ್ಪನ ಉಸಿರು ಬುಸ್ಸೆಂದು ಹೊರಬಂತು, ಹತ್ತೂ ಬೆರಳು ಒಟ್ಟಿಗೆ ಬಿಚ್ಚಿಕೊಂಡವು.

"ಕೈ ಯಾಕ್ ಬಿಟ್ರಿ ಭಾವ?" ಚೂರುಗಳ ನಡುವೆ ನಿಂತು ಭಾವಮೈದ ಅರಚಿದ.

"ಅವರೇ ಬಿಡಿ ಅಂದ್ರಲ್ಲೋ!"

ಗಾಜಪ್ಪ ಗುರುಗಳ ಬಳಿಗೆ ಓಡಿದ. "ಎರಡನ್ನೂ ಬೆರೆಸ್ತಾರೇನ್ರೀ? ನಂದು ಹಿಡಿಯೋ ವಿದ್ಯೆ, ಆಕೇದು ಚೆಲ್ಲೋ ವಿದ್ಯೆ. ಅದನ್ನ ಬಿಡಿ" ಎಂದರು ಮಾಸ್ತರು. ಗಾಜಪ್ಪನ ಕೈಯಲ್ಲಿದ್ದ ಕೊಡೆ ಬಿತ್ತು. "ಅವರದು ಬಿಗಿ, ನಮ್ಮದು ಸಡಿಲ. ಎರಡೂ ಒಂದೇ ಮೈಗೆ ಆಗಿಬರಲ್ಲ. ಅದನ್ನ ಬಿಡಿ" ಎಂದರು ಟೀಚರಮ್ಮ. ಕೊಡೆ ಮತ್ತೆ ಬಿತ್ತು. ಗಾಜಪ್ಪ ಎರಡನ್ನೂ ಬಿಟ್ಟ. ಅಭ್ಯಾಸ ಮಾತ್ರ ಅವನನ್ನು ಬಿಡಲಿಲ್ಲ.

ಮನೆಯಲ್ಲಿ ಆ ಮಾತಿಗೆ ನಿಷೇಧ ಬಿತ್ತು. ಅದಿಲ್ಲದೆ ಸಂಸಾರ ಮಾಡುವುದು ಎಂಥ ಫಜೀತಿ ಎಂದು ಗೊತ್ತಾದದ್ದೇ ಆಗ. ಹೆಂಡತಿ "ಹೋಗ್ಲಿ" ಎಂದು ಶುರುಮಾಡಿ ಗಬಕ್ಕನೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು; ಹೀಗಾಗಿ ಯಾವ ಜಗಳಕ್ಕೂ ಕೊನೆ ಎಂಬುದೇ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಮಗಳು ಹಸುಗೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಮೊದಲ ಮೊಮ್ಮಗಳು. ಗಾಜಪ್ಪ ಆಸೆಯಿಂದ ಕೈಚಾಚಿದ. ಹೆಂಡತಿ ನಡುವೆ ಬಂದು ನಿಂತಳು.

"ರೀ, ಮೊದ್ಲು ದಿಂಬು."

ಅವನು ದಿಂಬನ್ನು ಎದೆಗವಚಿಕೊಂಡು ನಿಂತ. ಅವಳು ಕಣ್ಣುಮುಚ್ಚಿ "ಬಿಡಿ" ಎಂದಳು. ದಿಂಬು ನೆಲಕ್ಕೆ. ಮಾರನೆಯ ದಿನವೂ ನೆಲಕ್ಕೇ, ಅದರ ಮಾರನೆಯ ದಿನವೂ. ಹಾಲಿನವನು, ಪಕ್ಕದ ಮನೆಯವರು, ಆ ಭಾವಮೈದ ಕೂಡ ಕೂಸನ್ನು ಎತ್ತಿ ಮುದ್ದಾಡಿದರು. ಅಜ್ಜನಿಗೆ ಮಾತ್ರ ದಿಂಬು. ನಗುವವರು ನಗಲಿ. ಗಾಜಪ್ಪ ಅಂಗಡಿಯಲ್ಲಿ ಗಾಜುಗಳ ಮರೆಯಲ್ಲಿ ಕೂತು ಅತ್ತದ್ದೂ ಉಂಟು. ಅಲ್ಲಿ ಮರೆಯಾಗುವುದು ಅಷ್ಟಕ್ಕಷ್ಟೇ, ದಾರಿಹೋಕರಿಗೆಲ್ಲ ಕಂಡಿತು.

ಒಂದು ದಿನ ಮಗುವನ್ನು ನೋಡಲು ಬೀಗರು ಬಂದರು. ಕೂಸು ಸೋಫಾದ ಮೇಲೆ ಮಲಗಿತ್ತು. ಗಾಜಪ್ಪ ಪಕ್ಕದಲ್ಲಿ ನೆಲದ ಮೇಲೆ ಕೂತು ತೋರುಬೆರಳೊಂದನ್ನು ಅದರ ಅಂಗೈಗೆ ಕೊಟ್ಟಿದ್ದ. ಅವನಿಗೆ ಸಿಕ್ಕಿದ್ದ ಅಪ್ಪಣೆ ಅಷ್ಟೇ.

"ಏನ್ ಬೀಗರೇ, ಮೊಮ್ಮಗಳನ್ನ ಎತ್ಕೊಳ್ಳಲ್ವಾ?" ಎಂದರು ಬೀಗರು.

"ಅವರಿಗೆ ಭುಜ ನೋವು" ಎಂದಳು ಹೆಂಡತಿ ಅವಸರದಲ್ಲಿ.

"ಅಯ್ಯೋ ಪಾಪ! ಹಾಗಾದ್ರೆ ಬೇಡ ಬಿಡಿ."

ಮಗಳು ಉಸಿರು ಬಿಗಿಹಿಡಿದಳು. ಗಾಜಪ್ಪನ ಉಸಿರು ಬುಸ್ಸೆಂದಿತು. ಎಡಗೈಯಲ್ಲಿದ್ದ ಗಿಲಕಿ ಉರುಳಿತು, ಬಲಗೈಯ ಬೆರಳುಗಳೆಲ್ಲ ಬಿಚ್ಚಿ ತೋಳು ಜೋತುಬಿತ್ತು. ಆದರೆ ಕೈ ಕೆಳಕ್ಕೆ ಬರಲಿಲ್ಲ. ತೋರುಬೆರಳು ಪುಟ್ಟ ಮುಷ್ಟಿಯೊಳಗೇ ಇತ್ತು. ಮೆಲ್ಲಗೆ ಎಳೆದು ನೋಡಿದ. ಮುಷ್ಟಿ ಇನ್ನಷ್ಟು ಬಿಗಿಯಾಯಿತು.

ಗಾಜಪ್ಪ ಹೆಂಡತಿಯ ಕಡೆ ತಿರುಗಿದ. ಕಣ್ಣು ತುಂಬಿ ಬಂದಿತ್ತು.

"ನಾನು ಬಿಟ್ಟೆ ಕಣೇ" ಎಂದ. "ಇವಳೇ ಬಿಡ್ತಿಲ್ಲ."