ಬಾಣಂತಿ ಖೋಲಿಯ ಪರೀಕ್ಷೆ

ಪಕ್ಕದ ಮನೆಯಲ್ಲಿ ಕೆಂಡದ ಮೇಲೆ ಅಜವಾನ, ಅದೇ ಓಮಿನ ಕಾಳು, ಹಾಕಿದ್ದಾರೆ. ಆ ಹೊಗೆ ಗೋಡೆ ಹತ್ತಿ, ತಗಡು ದಾಟಿ, ನೇರವಾಗಿ ಬಂದು ನನ್ನ ಮೂಗಿಗೇ ಬಿತ್ತು. ಅವರ ಮಗಳು ಹೆತ್ತು ತವರಿಗೆ ಬಂದಿದ್ದಾಳೆ, ಒಳ್ಳೆಯದಾಗಲಿ. ಬೇರೆಯವರಿಗೆ ಈ ವಾಸನೆ ಬಂದರೆ ತೊಟ್ಟಿಲು ನೆನಪಾಗುತ್ತದಂತೆ, ಹಡೆದವ್ವ ನೆನಪಾಗುತ್ತಾಳಂತೆ. ನನಗೆ ಸಿಟ್ಟು ಬರುತ್ತದೆ. ಎಂಥ ಸಿಟ್ಟು ಅಂದರೆ, ಹಸನು ಮಾಡುತ್ತಿದ್ದ ತೊಗರಿಬೇಳೆ ಅರ್ಧ ಮೊರದಲ್ಲಿ, ಅರ್ಧ ನೆಲದ ಮೇಲೆ. ನೀವು ಹೇಗೂ ಬಂದು ಕೂತಿದ್ದೀರಿ. ಆರಿಸುತ್ತ ಆರಿಸುತ್ತ ಹೇಳುತ್ತೇನೆ, ಕೇಳಿರಿ.

ಮೊದಲು ಒಂದು ಮಾತು. ನಾನು ಕಲಿತದ್ದು ಗೊಬ್ಬೂರಿನ ಶಾಲೆಯಲ್ಲಿ, ಮೂರನೆಯ ಇಯತ್ತೆಯ ತನಕ. ಅದೂ ಪೂರ್ತಿ ಆಗಲಿಲ್ಲ. ನಡುವೆ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಂದು ಸೊಂಟ ಬೇಕಾಗಿತ್ತು. ನನ್ನ ಸೊಂಟ ಖಾಲಿ ಇತ್ತು. ಆದ್ದರಿಂದ ಹೇಳುವಾಗ ದೊಡ್ಡ ಶಬ್ದದ ಒತ್ತಕ್ಷರ ತಪ್ಪಿದರೆ ನನ್ನನ್ನು ಬೈಯಬೇಡಿ, ಅವನನ್ನು ಬೈಯಿರಿ. ಅಫಜಲಪುರದಲ್ಲಿ ಮಕ್ಕಳು ಮೊಮ್ಮಕ್ಕಳ ಜೊತೆ ಆರಾಮ ಇದ್ದಾನೆ.

ನನ್ನ ಮೊಮ್ಮಗಳು ಲೀಲಾ, ಮಗನ ಮಗಳು. ಅವಳು ಓದಿದ ಓದಿನ ಹೆಸರು ಹೇಳುವಾಗ ನಾನು ಮೊದಲು ಸೆರಗು ಸರಿ ಮಾಡಿಕೊಳ್ಳುತ್ತೇನೆ. ಭದ್ರತೆ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು! ಎಷ್ಟೋ ದಿನ ಬಾಯಿಪಾಠ ಮಾಡಿ ಕಲಿತಿದ್ದೇನೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಕೇಳದಿದ್ದರೂ ಹೇಳುತ್ತೇನೆ. ಒಬ್ಬಳು ಹೆಣ್ಣುಮಗಳು, "ನಿಮಗ ಏನರ ತ್ರಾಸ ಅದ ಏನ್ರಿ?" ಎಂದು ಕೇಳಿ ಬೇರೆ ಸೀಟಿಗೆ ಹೋದಳು. ಹೋಗಲಿ.

ಅವಳಿಗೆ ಇದರ ಹುಚ್ಚು ಹತ್ತಿಸಿದವಳು ಭೀಮೆ. ನಮ್ಮದು ಮಣ್ಣೂರ, ಆ ಹೊಳೆಯ ದಂಡೆಯ ಊರು. ಮೇಲಿನ ರಾಜ್ಯದವರು ನೀರು ಹಿಡಿದರೆ ಬೇಸಿಗೆಯಲ್ಲಿ ನಮಗೆ ಮರಳು, ಬಿಟ್ಟರೆ ಮಳೆಗಾಲದಲ್ಲಿ ಹಿತ್ತಲ ತನಕ ಹೊಳೆ. ಲೀಲಾ ಸಣ್ಣವಳಿದ್ದಾಗ ನನ್ನ ಜೊತೆ ಬಟ್ಟೆ ಒಗೆಯಲು ಬಂದು ಕೇಳಿದ್ದಳು: "ಆಯಿ, ಮ್ಯಾಲ ನೀರ ಹಿಡದವರಿಗಿ ಬಿಡ್ರಿ ಅಂತ ಹೇಳೋರು ಯಾರು?" ಅಜ್ಜಿಯನ್ನು ಅವಳು ಆಯಿ ಅನ್ನುತ್ತಾಳೆ. ನನಗೆ ಗೊತ್ತಿರಲಿಲ್ಲ, ದೇವರು ಅಂದೆ. ಹುಡುಗಿಗೆ ದೇವರು ಸಾಕಾಗಲಿಲ್ಲ. ದೊಡ್ಡವಳಾದ ಮೇಲೆ ಒಂದೇ ಹೊಳೆಯ ನೀರು ಕುಡಿಯುವ ದೇಶಗಳು ಹೇಗೆ ಜಗಳಾಡುತ್ತವೆ, ಹೇಗೆ ಮಾತಿಗೆ ಬರುತ್ತವೆ ಎಂಬುದನ್ನೇ ಓದಲು ಹೊರಟಳು.

ಅಷ್ಟರಲ್ಲಿ ಜೇವರ್ಗಿಗೆ ಮದುವೆಯಾಗಿ ಹೋಗಿದ್ದಳು. ಗಂಡನಿಗೆ ಆಳಂದದಲ್ಲಿ ನೌಕರಿ, ಮನೆಗೆ ಬರುವುದು ವಾರಕ್ಕೊಮ್ಮೆ. ಮನೆಯಿಂದಲೇ ಓದುವ ಡಿಗ್ರಿ ಹುಡುಕಿಕೊಂಡಳು. ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಕಂಪ್ಯೂಟರಿನಲ್ಲಿ, ಪುರುಸೊತ್ತು ಸಿಕ್ಕಾಗ ಓದಬಹುದು. ಇದು ಅನುಕೂಲ ಅಂದುಕೊಂಡೆವು. ಸುಳ್ಳು! ಯಾವಾಗ ಬೇಕಾದರೂ ಓದಬಹುದಾದ ಹುಡುಗಿಯನ್ನು ಯಾವಾಗ ಬೇಕಾದರೂ ಎಬ್ಬಿಸಬಹುದು ಎಂದು ಜನ ತಿಳಿದರು. ಕಾಲೇಜಿಗೆ ಬಸ್ಸು ಹತ್ತಿ ಹೋಗುವವಳನ್ನು ಯಾರೂ ಹಿಟ್ಟು ನಾದಲು ಕರೆಯುವುದಿಲ್ಲ. ಕೂತಲ್ಲೇ ಓದುವವಳು ಎಲ್ಲರ ಕಣ್ಣಿಗೂ ಸುಮ್ಮನೆ ಕೂತವಳೇ.

ನಮ್ಮೂರ ಗಿರಣಿಯವನು ಒಮ್ಮೆ ಜೋಳ ಸುರಿಯುತ್ತ ನನ್ನನ್ನು ಕೆಣಕಿದ.

"ಅಮ್ಮಾ, ನಿಮ್ಮ ಮೊಮ್ಮಗಳು ಫೋನಿನ್ಯಾಗ ಡಿಗ್ರಿ ಮಾಡಾಕತ್ಯಾಳಂತಲ್ರಿ? ರೀಚಾರ್ಜ್ ಮುಗದ್ರ ಡಿಗ್ರಿನೂ ಮುಗೀತದೇನು?"

"ಯಾಕಲೇ, ಮನ್ಯಾಗ ಬೀಸಿದ ಹಿಟ್ಟು ಹಿಟ್ಟಲ್ಲೇನು? ನಿನ್ನ ಗಿರಣಿಗಿ ಬಂದ್ರಷ್ಟೇ ಹಿಟ್ಟೇನು?" ಅಂದೆ. ಸರತಿಯಲ್ಲಿದ್ದವರೆಲ್ಲ ನಕ್ಕರು. ಆದರೆ ನನ್ನ ಹಿಟ್ಟನ್ನು ಅವನು ಬೇಕೆಂದೇ ದಪ್ಪ ಬೀಸಿ ಕೊಟ್ಟ. ಒಂದು ವಾರ ಹರಿದ ರೊಟ್ಟಿ ತಿಂದೆವು.

ಕೊನೆಯ ಪೇಪರು ಒಂದು ಉಳಿದಿರುವಾಗ ಲೀಲಾ ಹೆರಿಗೆಗೆ ಬಂದಳು. ಗಂಡು ಕೂಸು. ನಾನು ಮುತ್ತಜ್ಜಿಯಾದೆ! ನನ್ನ ಸೊಸೆ, ಲೀಲಾಳ ಅವ್ವ, ಹಗಲೆಲ್ಲ ಅಂಗನವಾಡಿಯ ಕೆಲಸಕ್ಕೆ ಹೋಗುತ್ತಾಳೆ, ಹಾಗಾಗಿ ಬಾಣಂತನ ನನ್ನ ಪಾಲಿಗೆ. ನಮ್ಮ ಕಡೆ ಬಾಣಂತಿಗೆ ಒಳಗಿನ ಖೋಲಿ. ಕಿಟಕಿಗೆ ಗೋಣಿ, ಹೊರಸಿನ ಕೆಳಗೆ ಕೆಂಡ, ಕಿವಿಯಲ್ಲಿ ಅರಳೆ, ತಲೆಗೆ ಬಿಗಿಯಾಗಿ ಬಟ್ಟೆ. ಗಂಡಸರು ಆ ಕಡೆ ಸುಳಿಯುವುದಿಲ್ಲ. ಲೀಲಾ ಮೊದಲ ದಿನವೇ ಸುತ್ತ ನೋಡಿ, "ಆಯಿ, ಇದಕ್ಕಿಂತ ಛಲೋ ಪರೀಕ್ಷಾ ಖೋಲಿ ನನಗ ಮತ್ತೆಲ್ಲಿ ಸಿಗ್ತದ?" ಅಂದಳು. ಮೂರು ವರ್ಷದಲ್ಲಿ ಅವಳು ಹಿಟ್ಟಿನ ಕೈ ಇಲ್ಲದೆ ಓದಿದ್ದು ಆ ಹೊರಸಿನ ಮೇಲೆಯೇ.

ಒಂದು ತೊಡಕು ಇತ್ತು, ಲೀಲಾ ಹೇಳಿದಳು: "ಪರೀಕ್ಷಾ ಶುರು ಆಗೂ ಮುಂದ ಕಿವಿ ತೋರಸಬೇಕಂತ. ಕಿವ್ಯಾಗ ಮಷೀನ ಇಟಗೊಂಡು ಯಾರರ ಉತ್ತರ ಹೇಳ್ತಾರ ಅಂತ ಅವರಿಗಿ ಸಂಶಯ."

"ಬಾಣಂತಿ ಕಿವಿ ಬಿಚ್ಚಂಗಿಲ್ಲ ಅಂತ ಹೇಳು."

"ಅವರು ಬಾಣಂತನ ಮಾಡೋರಲ್ಲ ಆಯಿ, ಪರೀಕ್ಷಾ ಮಾಡೋರು."

ಸರಿ, ಆ ದಿನ ಬಟ್ಟೆ ಬಿಚ್ಚಿದಳು, ಅರಳೆ ತೆಗೆದಳು. ಕಂಪ್ಯೂಟರಿನೊಳಗೆ ಒಬ್ಬ ಸಾಹೇಬ ಕೂತು ಖೋಲಿಯ ನಾಲ್ಕೂ ಮೂಲೆ ನೋಡಿದ. ಬೇರೆಯವರ ಮುಖ ಕಂಡರೆ ಪರೀಕ್ಷೆ ಬಂದ್ ಎಂದು ಹೇಳಿದ. ನಾನು ಕೂಸನ್ನು ಮಲಗಿಸಿ, ಹಿತ್ತಲಲ್ಲಿ ಎರೆಯುವ ನೀರಿಗೆ ಉರಿ ಹಾಕುತ್ತಿದ್ದೆ.

ಆ ಹೊತ್ತಿಗೆ ಜೇವರ್ಗಿಯಿಂದ ಲೀಲಾಳ ಅತ್ತೆ, ನನ್ನ ಬೀಗತಿ, ಬಾಣಂತಿ ತಿನ್ನಲೆಂದು ಅಂಟಿನುಂಡಿಯ ಡಬ್ಬಿ ಹಿಡಿದು ಬಂದಿದ್ದಾಳೆ. ಬಂದವಳು ಪರದೆ ಸರಿಸಿದ್ದಾಳೆ. ಕಂಡದ್ದೇನು? ಸೊಸೆಯ ಕಿವಿ ಬೋಳು, ತಲೆಯ ಮೇಲೆ ಫ್ಯಾನು, ಕಣ್ಣಿಗೆ ಕಂಪ್ಯೂಟರಿನ ಬೆಳಕು. ಹೆಂಗಸು ಒಂದು ಮಾತು ಕೇಳಲಿಲ್ಲ. ಕೆಂಡದ ಬುಟ್ಟಿ ಎಳೆದು ಒಂದು ಮುಷ್ಟಿ ಅಜವಾನ ಸುರಿದು, ಖೋಲಿ ತುಂಬ ಹೊಗೆ ಎಬ್ಬಿಸಿ, ಲೀಲಾಳ ತಲೆಯನ್ನು ಎದೆಗೆ ಒತ್ತಿ ಹಿಡಿದು ಬಟ್ಟೆ ಬಿಗಿದಳು. ಹುಡುಗಿ ಕೈ ಆಡಿಸಿದಷ್ಟೂ, "ಸುಮ್ಮನಿರ ಬೇ, ಗಾಳಿ ಹೊಕ್ಕದ ನಿನಗ" ಎಂದು ಇನ್ನೂ ಬಿಗಿದಳಂತೆ. ಹೊಗೆಯಲ್ಲಿ ಸಾಹೇಬನಿಗೆ ಕಂಡದ್ದು ಎರಡು ತಲೆ. ಪರೀಕ್ಷೆ ಬಂದ್ ಮಾಡಿದ.

ಲೀಲಾ ಕೂಗಿದ್ದು ಕೇಳಿ ನಾನು ಓಡಿಬಂದೆ.

"ಇದೇನ್ ಬಾಣಂತನರಿ ನಿಮ್ಮದು?" ಎಂದು ಬೀಗತಿ ನನ್ನ ಮೇಲೆಯೇ ಏರಿ ಬಂದಳು. "ಹಸೀ ಮೈಯಾಕಿನ್ನ ಫ್ಯಾನಿನ ಬುಡಕ ಕುಂದ್ರಿಸಿ ಓದಸಾಕತ್ತೀರಿ?"

"ಎರಡು ತಾಸು ತಡೀತಿದ್ದಿಲ್ಲೇನ್ರಿ ನಿಮ್ಮ ಹೊಗಿ? ಮೂರು ವರ್ಷದ್ದು ಒಂದು ಮುಷ್ಟಿ ಅಜವಾನದಾಗ ಸುಟ್ರಲ್ರಿ!"

"ಓದೂ ಬ್ಯಾಡ, ಗೀದೂ ಬ್ಯಾಡ. ನಾ ಕರಕೊಂಡು ಹೋಗ್ತೇನಿ."

"ಪರೀಕ್ಷಾ ಮುಗಿಯೂ ತನಕ ಆಕಿ ಈ ಹೊಸ್ತಿಲ ದಾಟಂಗಿಲ್ಲ. ನೀವು ಬೇಕಾದ್ರ ದಾಟ್ರಿ!"

ಬೀಗತಿಗೆ ಹೀಗೆ ಅನ್ನಬಾರದು, ಗೊತ್ತು. ಆದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವಳ ಮೇಲೆ ಉರಿ, ಹೊಗೆಗೂ ಕಾಪಿ ಹೊಡೆಯುವುದಕ್ಕೂ ವ್ಯತ್ಯಾಸ ತಿಳಿಯದ ಆ ಸಾಹೇಬನ ಮೇಲೆ ಉರಿ. ಆಳಂದದಿಂದ ಲೀಲಾಳ ಗಂಡ ಫೋನು ಮಾಡಿ, "ಹೋಗ್ಲಿ ಬಿಡು, ಕೂಸು ಹುಷಾರದಲ್ಲ, ಅಷ್ಟು ಸಾಕು" ಅಂದನಂತೆ. ಅವನ ಮೇಲೆ ಎಲ್ಲರಿಗಿಂತ ಹೆಚ್ಚು.

ಲೀಲಾ ಅಳಲಿಲ್ಲ. ಕೂಸಿಗೆ ಹಾಲು ಕೊಡುತ್ತಲೇ ಒಂದು ಕೈಯಲ್ಲಿ ಯೂನಿವರ್ಸಿಟಿಯವರಿಗೆ ಬರೆದಳು. ಅವರು ಇನ್ನೊಂದು ಸಲ ಕೂರಲು ಒಪ್ಪಿದರು. ಇದು ಕೊನೆ. ಅವಳ ಹೆಸರು ದಾಖಲಾದ ಅವಧಿ ಮುಗಿಯುತ್ತಿತ್ತು, ಈ ಪೇಪರು ತಪ್ಪಿದರೆ ಮಾಡಿದ್ದೆಲ್ಲ ಹೊಳೆಗೆ.

ಬೀಗತಿ ಊರಿಗೆ ಹೋಗಲಿಲ್ಲ. ಸೊಸೆಯನ್ನು ನನ್ನ ಕೈಯಲ್ಲಿ ಬಿಡಲು ಅವಳಿಗೆ ಮನಸ್ಸಿಲ್ಲ, ಅವಳ ಕೈಗೆ ಕೊಡಲು ನನಗಿಲ್ಲ. ಇಬ್ಬರೂ ಮಾತು ಬಿಟ್ಟೆವು. ಆದರೆ ಒಂದು ಮನೆಯಲ್ಲಿ ಇಬ್ಬರು ಹೆಂಗಸರು ಮಾತಿಲ್ಲದೆ ಎಷ್ಟು ಹೊತ್ತು ಇರಬಲ್ಲರು? ಕೂಸಿಗೆ ಹೇಳಿದಂತೆ ಮಾಡಿ ಮಾತಾಡತೊಡಗಿದೆವು.

"ಕೂಸಪ್ಪಾ, ನಿಮ್ಮ ಮುತ್ತಜ್ಜಿಗಿ ಹೇಳು, ಸಾರಿಗಿ ಉಪ್ಪು ಹೆಚ್ಚಾಗ್ಯಾದ ಅಂತ."

"ಕೂಸಪ್ಪಾ, ನಿಮ್ಮ ಅಜ್ಜಿಗಿ ಹೇಳು, ಉಪ್ಪು ಸಾರಿನಾಗಿಲ್ಲ, ಆಕಿ ನಾಲಿಗಿ ಮ್ಯಾಲ ಅದ ಅಂತ."

ಲೀಲಾ ಹೊರಸಿನ ಮೇಲೆ ಬಿದ್ದು ಬಿದ್ದು ನಕ್ಕಳು. "ಎರಡು ದೇಶ ಮಾತು ಬಿಟ್ಟಾಗ ನಡುವ ಸುದ್ದಿ ಒಯ್ಯೋರಿಗಿ ನಮ್ಮ ಪುಸ್ತಕದಾಗ ಭಾಳ ದೊಡ್ಡ ಮರ್ಯಾದಿ ಅದ. ನನ್ನ ಮಗ ಹುಟ್ಟಿದ ತಿಂಗಳದಾಗೇ ಆ ನೌಕರಿಗಿ ಹತ್ಯಾನ" ಅಂದಳು. ಎಂಥ ಮಾತು! ಆ ಸಿಟ್ಟಿನಲ್ಲೂ ನನಗೆ ಹಿಗ್ಗು ತಡೆಯಲಾಗಲಿಲ್ಲ, ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕು ಬಂದೆ.

ಒಂದು ಮಧ್ಯಾಹ್ನ ಕೂಸಿಗೆ ಎಣ್ಣೆ ತಿಕ್ಕುತ್ತ ಬೀಗತಿ ಅದಕ್ಕೇ ಹೇಳಿದಳು, ದನಿ ಇಳಿಸಿ: "ಕೂಸಪ್ಪಾ, ನನಗೊಬ್ಬಾಕಿ ತಂಗಿ ಇದ್ದಳು. ಮಳಿಗಾಲದಾಗ ಹಡದಳು. ಕಿವಿ ಕಟ್ಟಲಾಕ ಯಾರೂ ಇದ್ದಿಲ್ಲ. ಸನ್ನಿ ಹಿಡೀತು. ಕೂಸಿನ ಗುರತು ಹತ್ತಲಿಲ್ಲ, ನನ್ನ ಗುರತು ಹತ್ತಲಿಲ್ಲ. ಹಂಗೇ ಹೋದಳು." ನಾನು ಬಾಗಿಲಲ್ಲೇ ನಿಂತಿದ್ದೆ. ಕಿವಿಯ ಬಟ್ಟೆಗೂ ಆ ಸನ್ನಿಗೂ ಸಂಬಂಧವಿಲ್ಲ ಎಂದು ದವಾಖಾನೆಯ ಡಾಕ್ಟರಮ್ಮ ಹೇಳುತ್ತಾಳೆ. ಅದನ್ನು ಅವಳಿಗೆ ಹೇಗೆ ಹೇಳುವುದು? ನನ್ನ ಸಿಟ್ಟು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿಯ ತನಕ ಕಾಲು ಚಾಚಿ ಮಲಗಿದ್ದ ಸಿಟ್ಟು ಎದ್ದು ಕೂತಿತು, ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿತು.

ಲೀಲಾ ಇಬ್ಬರ ನಡುವೆ ಕೂತು ಒಪ್ಪಂದ ಮಾಡಿಸಿದಳು. ಪರೀಕ್ಷೆಯ ಹೊತ್ತಿನಲ್ಲಿ ಫ್ಯಾನು ಹಚ್ಚುವುದಿಲ್ಲ, ಮೈಮೇಲೆ ಕೌದಿ ಹೊದೆಯುತ್ತಾಳೆ, ಮುಗಿದ ಕೂಡಲೇ ಕಿವಿಗೆ ಬಿಸಿ ಎಣ್ಣೆಯ ಅರಳೆ. ಅದಕ್ಕೆ ಬದಲು ಎರಡು ತಾಸು ಒಳಗೆ ಯಾರೂ ಕಾಲಿಡುವುದಿಲ್ಲ, ಹೊಗೆಯೂ ಕೂಡ. ಬೀಗತಿ ತಲೆ ಆಡಿಸಿದಳು. ನಾನು ನಂಬಲಿಲ್ಲ. ಆ ದಿನ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಅಡ್ಡ ಹಾಕಿ ಕೂತೆ.

ಅರ್ಧ ತಾಸು ಆಗಿರಬೇಕು, ಕೂಸು ಎದ್ದಿತು. ಬೀಗತಿ ತೊಡೆಯ ಮೇಲೆ ಹಾಕಿ ಆಡಿಸಿದಳು, ನಾನು ಜೋಗುಳ ಹೇಳಿದೆ. ಮುತ್ತಜ್ಜಿಯ ಜೋಗುಳ ಕೇಳಿ ಇನ್ನೂ ಜೋರಾಗಿ ಅತ್ತಿತು. ಹಸಿ ಬಾಣಂತಿಗೆ ಕೂಸಿನ ದನಿ ಕೇಳಿದರೆ ಹಾಲು ತಾನೇ ಇಳಿಯುತ್ತದೆ, ಅವಳು ಅಲ್ಲಿ ಹೇಗೆ ಬರೆಯಬೇಕು? ಒಳಗೆ ಲೀಲಾ ಒಮ್ಮೆ ಕೆಮ್ಮಿದಳು. ಅಷ್ಟೇ. ಬೀಗತಿ ಕೂಸನ್ನು ಎತ್ತಿಕೊಂಡು ಎದ್ದು ನಿಂತಳು. ಮುಗಿಯಿತು, ಈಗ ಒಳಗೆ ನುಗ್ಗುತ್ತಾಳೆ ಎಂದು ನಾನು ಎರಡೂ ಕೈ ಅಗಲಿಸಿ ಬಾಗಿಲು ಹಿಡಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಕೂಸಿನ ತಲೆಗೆ ಕುಂಚಿಗೆ ಕಟ್ಟಿ, ತನ್ನ ಸೆರಗು ಸುತ್ತಿ, ತಲೆಬಾಗಿಲು ದಾಟಿ ಬಿಸಿಲಿಗೆ ಇಳಿದಳು. ಬಾಣಂತಿ ನೀರಿಗೆ ಹೋಗಿ ಗಂಗೆಪೂಜೆ ಮಾಡುವ ತನಕ ಕೂಸು ಹೊಸ್ತಿಲು ದಾಟಬಾರದು. ಗಾಳಿ, ದೃಷ್ಟಿ, ಎಲ್ಲಕ್ಕೂ ಹೆದರುವ ಹೆಂಗಸು ಅದನ್ನು ಎದೆಗೆ ಒತ್ತಿಕೊಂಡು, ಅಳು ಒಳಗಿನ ಖೋಲಿಗೆ ಕೇಳದಷ್ಟು ದೂರ, ಓಣಿಯ ಕೊನೆಯ ಬೇವಿನ ತನಕ ನಡೆದಳು. ಅಲ್ಲಿ ಒಬ್ಬ ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚಿಕೊಂಡು ಬರುತ್ತಿದ್ದ. ಬೀಗತಿಯ ದನಿ ನನಗೆ ಮನೆಯ ತನಕ ಕೇಳಿತು.

"ಬಂದ್ ಮಾಡಲೇ ಅದನ್ನ! ಕಣ್ಣು ಕಾಣಂಗಿಲ್ಲೇನು? ನನ್ನ ಸೊಸಿ ಪರೀಕ್ಷಾ ಬರಿಯಾಕತ್ಯಾಳ!"

ಲೀಲಾ ಪಾಸಾದಳು. ನಾನು ಪೇಢೆ ಹಿಡಿದು ಮೊದಲು ಹೋದದ್ದು ಗಿರಣಿಗೆ. ಅವನ ಬಾಯಿಗೆ ಎರಡು ಒಟ್ಟಿಗೆ ತುರುಕಿದೆ, ಮಾತಾಡಲು ಜಾಗ ಬಿಡಲಿಲ್ಲ. ಈಗ ಅವಳು ಜೇವರ್ಗಿಯ ಮನೆಯಲ್ಲೇ ಕೂತು ಅದೇ ವಿಷಯದಲ್ಲಿ ಮುಂದಿನ ಓದು ಓದುತ್ತಿದ್ದಾಳೆ. ಆ ಕೂಸು ಓಡಾಡುವ ಹುಡುಗನಾಗಿದೆ. ಬೀಗತಿ ಮತ್ತು ನಾನು ಈಗ ನೇರವಾಗಿಯೇ ಜಗಳಾಡುತ್ತೇವೆ.

ನೋಡಿ, ಹೆಸರು ಹೇಳುವುದರೊಳಗೆ ಅವಳದೇ ಫೋನು. ಸ್ಪೀಕರಿಗೆ ಹಾಕುತ್ತೇನೆ, ನೀವೂ ಕೇಳಿರಿ.

"ಬೀಗತೇರ, ನನಗ ಇವತ್ತ ಭಾಳ ಸಿಟ್ಟ ಬಂದದ್ರಿ."

"ಏನಾತ್ರಿ?"

"ನಮ್ಮವರ ಪೈಕಿ ನಾಲ್ಕು ಮಂದಿ ಬಂದಿದ್ರು. ಸೊಸಿ ಎಲ್ಲಿ ಅಂದ್ರು. ಕ್ಲಾಸಿಗಿ ಹೋಗ್ಯಾಳ ಅಂದೆ. ಕ್ಲಾಸ್ ಎಲ್ಲಿ ಅಂದ್ರು. ಒಳಗಿನ ಖೋಲ್ಯಾಗ ಅಂದೆ. ನಕ್ಕರ್ರಿ."

"ನಕ್ಕರಾ?"

"ಹೌದ್ರಿ, ಹಲ್ಲು ಕಿಸದು ನಕ್ಕರು. ಕರೀರಿ, ಸೊಸಿ ಕೈಯಾಗಿನ ಚಹಾ ಕುಡೀತೇವಿ ಅಂದ್ರು."

ನಾನು ಮೊರ ಕೆಳಗಿಟ್ಟೆ. "ಕರದ್ರೇನು?"

"ಹಂಗ್ಯಾಂಗ ಕರೀಲಿ? ಖೋಲಿಗಿ ಹೊರಗಿಂದ ಕೊಂಡಿ ಹಾಕಿದೆ. ಚಹಾ ನಾನೇ ಮಾಡಿ ಕೊಟ್ಟೆ."

"ಅಂಥವರಿಗಿ ಚಹಾ ಯಾಕ್ರಿ ಕೊಟ್ರಿ?"

"ಮನಿಗಿ ಬಂದವರು, ಕೊಡಲಾರದ ಹೆಂಗ?" ಅಂದಳು ಬೀಗತಿ. "ಸಕ್ಕರಿ ಹಾಕಲಿಲ್ಲ."