ಆಚಾರ್ರು ಬಿಚ್ಚಿಕೊಟ್ಟ ಕ್ಯಾಪ್ಸೂಲು

ಕಂಪ್ಲಿಯ ಮೆಡಿಕಲ್ ಅಂಗಡಿಯಲ್ಲಿ ಪ್ರಾಣೇಶಾಚಾರ್ರು ಇಪ್ಪತ್ತೆರಡು ವರ್ಷದಿಂದ ಔಷಧ ಕೊಡುತ್ತಿದ್ದಾರೆ. ಕ್ಯಾಪ್ಸೂಲಿನ ಕವಚವನ್ನು ಪ್ರಾಣಿಗಳ ಮೂಳೆಯಿಂದ ಮಾಡುತ್ತಾರೆಂದು ಎಲ್ಲೋ ಓದಿದ ದಿನದಿಂದ ಅವರಿಗೊಂದು ರೂಢಿ. ಮಡಿಯ ಹೆಂಗಸರಿಗೆ, ಲಿಂಗ ಕಟ್ಟಿದವರಿಗೆ ಕ್ಯಾಪ್ಸೂಲು ಬಿಚ್ಚಿ ಪುಡಿಯಷ್ಟನ್ನೇ ಪೊಟ್ಟಣ ಕಟ್ಟಿ ಕೊಡುವುದು. ಕೇಳದವರಿಗೂ. ಜನ ಕೈಮುಗಿಯುತ್ತಿದ್ದರು. ಅದು ಅವರಿಗೆ ಹಿತವಾಗಿತ್ತು.

ಎಮ್ಮಿಗನೂರಿನ ನೀಲಗಂಗಮ್ಮನಿಗೆ ಕಾಲಿನ ಹುಣ್ಣಿಗೆಂದು ಆ್ಯಂಟಿಬಯೋಟಿಕ್ ನುಂಗಿ ನುಂಗಿ ಹೊಟ್ಟೆ ಕೆಟ್ಟಿತ್ತು. ಕರುಳಿನ ಒಳ್ಳೆಯ ಜೀವಾಣುಗಳು ಸತ್ತಿವೆ, ಮತ್ತೆ ಒಳಗೆ ಕಳಿಸಬೇಕೆಂದು ಡಾಕ್ಟರು ಇಪ್ಪತ್ತು ಕ್ಯಾಪ್ಸೂಲು ಬರೆದಿದ್ದರು. ಆಚಾರ್ರು ಇಪ್ಪತ್ತನ್ನೂ ಬಿಚ್ಚಿದರು.

ಹತ್ತು ದಿನಕ್ಕೆ ಮಗ ವೀರೇಶ್ ಬಂದ. "ಅವ್ವಗ ಭೇದಿ ನಿಂತಿಲ್ರಿ ಆಚಾರ್ರ. ಸಲೈನ್ ಏರಿಸಿದ್ರೂ ಎದ್ದು ನಿಂದ್ರವಲ್ಲಳು."

ಆಚಾರ್ರು ಅಂದು ಮೊದಲ ಸಲ ಡಬ್ಬಿಯ ಸಣ್ಣಕ್ಷರ ಓದಿದರು. ಕವಚ ಸಸ್ಯದ್ದು. ಜಠರದ ಆಮ್ಲಕ್ಕೆ ಸಿಕ್ಕಿ ಸಾಯದೆ ಜೀವಾಣುಗಳು ಕರುಳು ಮುಟ್ಟಲೆಂದೇ ಹಾಕಿದ್ದು. ಬಿಚ್ಚಬಾರದು. ಅವರ ಕಿವಿ ಸುಟ್ಟಂತಾಯಿತು.

ಹೊಸ ಡಬ್ಬಿ ಮುಂದಿಟ್ಟು ಸುಳ್ಳು ಹೇಳಿದರು: "ಇದು ಬ್ಯಾರೆ ಕಂಪನೀದಪ್ಪ. ಬಿಚ್ಚದ ಹಂಗ ನುಂಗಲಿ."

"ಅಯ್ಯ, ಕೇಳಂಗಿಲ್ರಿ ಆಕಿ. ಆಚಾರ್ರು ಬ್ಯಾಡ ಅಂದಾರ ಅಂತ ತಾನ ಬಿಚ್ಚಿ, ಸಿಪ್ಪಿ ತಿಪ್ಪಿಗಿ ಒಗೀತಾಳ."

ಆಚಾರ್ರು ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಶಟರ್ ಎಳೆದು ವೀರೇಶನ ಬೈಕು ಹತ್ತಿದರು. ದಾರಿಯುದ್ದಕ್ಕೂ ಕಬ್ಬಿನ ಹೊಲ. ಬೆನ್ನ ಹಿಂದೆ ಕೂತಿದ್ದರಿಂದ ತಮ್ಮ ಮುಖ ಅವನಿಗೆ ಕಾಣಿಸದಿದ್ದುದೇ ಪುಣ್ಯವೆನಿಸಿತು.

ನೀಲಗಂಗಮ್ಮ ಗೋಡೆಗೆ ಒರಗಿ ಸೆರಗು ಹೊದ್ದುಕೊಂಡಳು. "ಆಚಾರ್ರು ಬಂದಾರ, ಚಾಪಿ ಹಾಸೋ! ಕುಂದ್ರಿ."

ಆಚಾರ್ರು ಕೂರಲಿಲ್ಲ. "ತಪ್ಪು ನಂದವ್ವ. ಆ ಕವಚ ಔಷಧ ಕಾಯೋದಿತ್ತು. ನಾನ ಬಿಚ್ಚಿದೆ. ಒಳಗಿನ ಜೀವ ಎಲ್ಲಾ ನಿನ್ನ ಹೊಟ್ಟ್ಯಾಗ ಸತ್ತುಹೋದ್ವು. ಬ್ಯಾರೆ ಕಂಪನಿ ಅಂತ ನಿನ್ನ ಮಗಗ ಸುಳ್ಳೂ ಹೇಳಿದೆ."

ಮುದುಕಿ ಅವರನ್ನೇ ನೋಡಿದಳು. "ಹಂಗಾರ ಹತ್ತು ದಿನ ನಾ ಸತ್ತ ಹುಳಾ ತಿಂದೆನೇನ್ರಿ?"

ವೀರೇಶ್ ನಗು ತಡೆಯಲು ಬಾಗಿಲ ಕಡೆ ತಿರುಗಿದ. ಆಚಾರ್ರಿಗೆ ಭೂಮಿ ಬಿರಿಯಬಾರದೇ ಅನಿಸಿತು.

"ನಿಮ್ಮ ಮಡಿ ಉಳೀತು, ನನ್ನ ಸೀರಿ ಹೊಲಸಾದ್ವು. ಕೊಡ್ರಿ ಇಲ್ಲಿ." ನೀಲಗಂಗಮ್ಮ ಇಡೀ ಕ್ಯಾಪ್ಸೂಲನ್ನು ಬಾಯಿಗೆ ಹಾಕಿ, ಮುಖ ಕಿವುಚಿ, ನೀರು ಕುಡಿದಳು. "ಹಿಂದಿನ ಓಣಿ ವಿರುಪಮ್ಮಗೂ ಮೊನ್ನಿ ಹಿಂಗ ಪುಡಿ ಕೊಟ್ಟೀರಿ. ಆಕಿಗೂ ಹೇಳಿ ಹೋಗ್ರಿ."

ಆಚಾರ್ರು ಚಪ್ಪಲಿ ಮೆಟ್ಟಿಕೊಂಡು, ತಲೆ ಎತ್ತದೆ, ವಿರುಪಮ್ಮನ ಮನೆ ಎಷ್ಟನೆಯದೆಂದು ಕೇಳಿದರು.