ಅರಿಯಲೂರಿಗೆ ಹೋದ ಡಬ್ಬ

ಹೋದ ವಾರ ಅಂಗಡಿಗೆ ಒಂದು ಪಾರ್ಸೆಲ್ ಬಂತು. ಟೇಪು ಕತ್ತರಿಸುತ್ತಿದ್ದ ಹಾಗೆ ಒಳಗಿನಿಂದ ಎದ್ದ ವಾಸನೆಗೆ ನನ್ನ ಕೈ ನಿಂತುಹೋಯಿತು. ರೇಷ್ಮೆಗೂಡಿನ ವಾಸನೆ. ಒಣಮೀನಿನಂಥದ್ದು, ಆದರೆ ಒಣಮೀನಲ್ಲ. ರಾಮನಗರದವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗೆ ವಿವರಿಸಿ ಪ್ರಯೋಜನವಿಲ್ಲ.

ರಟ್ಟಿನ ಪೆಟ್ಟಿಗೆಯ ತುಂಬ ಹಳದಿಗಟ್ಟಿದ ಹಳೆಯ ಗೂಡುಗಳು. ಅವುಗಳ ನಡುವೆ ಕೆಂಪು ಹಳದಿ ಪಟ್ಟೆಯ, ಗುಂಡನೆಯ, ಚನ್ನಪಟ್ಟಣದ ಮರದ ಡಬ್ಬ. ಮೇಲಿನ ವಿಳಾಸ 'ರೇಷ್ಮೆ ಸಾಹೇಬ್, ರಾಮನಗರ', ಅದರ ಕೆಳಗೆ ನನ್ನ ಅಂಗಡಿಯ ಹಳೆಯ ಹೆಸರು. ಬೋರ್ಡು ಬದಲಾಗಿದೆ, ಫೋನ್ ನಂಬರು ಬದಲಾಗಿದೆ, ಜಾಗ ಮಾತ್ರ ಅದೇ ಇರುವುದರಿಂದ ಕೊರಿಯರ್ ಹುಡುಗ ತಂದು ಕೊಟ್ಟ. ಕಳಿಸಿದ ಊರು ತಮಿಳುನಾಡಿನ ಅರಿಯಲೂರು. ಡಬ್ಬದ ಗುರುತು ಸಿಗದೆ ಏನು? ಅದನ್ನು ಕಟ್ಟಿ ಅರಿಯಲೂರಿಗೆ ಕಳಿಸಿದವನೇ ನಾನು... ಆಗಿನ್ನೂ ನನ್ನ ತಲೆಗೂದಲು ಕಪ್ಪಗಿತ್ತು.

ಸಾಹೇಬರು ನನ್ನ ಅಂಗಡಿಯ ಹಿಂದೆಯೇ ನೂಲು ಬಿಚ್ಚುವ ಶೆಡ್ ನಡೆಸುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಕೂಟಗಲ್‌ನಿಂದ ಬಂದು ಜೆರಾಕ್ಸ್, ಕೊರಿಯರ್, ಇಂಟರ್‌ನೆಟ್ ಎಲ್ಲವನ್ನೂ ಒಂದೇ ಮಳಿಗೆಗೆ ತುರುಕಿಕೊಂಡು ಕೂತಿದ್ದೆ. ಬೆಳಿಗ್ಗೆಯಾದರೆ ಅವರ ಶೆಡ್ಡಿನಿಂದ ಗೂಡು ಬೇಯಿಸುವ ಹಬೆ ನೇರವಾಗಿ ನನ್ನ ಕಿಟಕಿಗೆ ನುಗ್ಗುತ್ತಿತ್ತು. ಇಂಟರ್‌ನೆಟ್ಟಿಗೆ ಬಂದ ಕಾಲೇಜು ಹುಡುಗಿಯರು ಮೂಗಿಗೆ ದುಪಟ್ಟ ಹಿಡಿದು ಎದ್ದು ಹೋಗುತ್ತಿದ್ದರು. ನಾನು ಜಗಳಕ್ಕೇ ಹೋದೆ. ಅವರು ಬಿಸಿನೀರಿನ ಬಟ್ಟಲಿನಿಂದ ಕೈ ತೆಗೆಯದೆ ನನ್ನ ಮಾತನ್ನೆಲ್ಲ ಕೇಳಿ, "ವಾಸ್ನೆ ನಿಂತ್ರೆ ಊಟಾನೂ ನಿಲ್ತೈತೆ ಗೌಡ್ರೇ, ಏನ್ ಮಾಡಾಣ ಹೇಳಿ" ಎಂದರು. ನನ್ನ ಅಪ್ಪನೂ ಇದೇ ಊರಿನ ಮಾರುಕಟ್ಟೆಗೆ ಗೂಡು ತಂದು ಮಾರಿ ನನ್ನನ್ನು ಓದಿಸಿದವನು. ವಾಪಸ್ ಬಂದು ಕಿಟಕಿ ಮುಚ್ಚಿಕೊಂಡೆ.

ಆ ವರ್ಷ ರಂಜಾನಿಗೆ ಅವರ ಮನೆಯಿಂದ ಶಾವಿಗೆ ಪಾಯಸದಂಥ ಶೀರ್ ಕುರ್ಮಾ ತುಂಬಿದ ಸ್ಟೀಲ್ ಡಬ್ಬ ಬಂತು. ತಿಂದು, ತೊಳೆದು, ವಾಪಸ್ ಕೊಡಲು ಹೊರಟಿದ್ದೆ. ಅವ್ವ ಬಾಗಿಲಲ್ಲೇ ತಡೆದಳು.

"ಯಾರಾರ ಖಾಲಿ ಡಬ್ಬ ಕೊಟ್ಟಾರೇನ್ಲಾ? ಒಸಿ ಸಕ್ರೆನಾರ ಹಾಕು."

ಸಕ್ಕರೆ ತುಂಬಿದ ಡಬ್ಬ ನೋಡಿ ಸಾಹೇಬರು ನಕ್ಕರು. ಅವರ ತಾಯಿಯೂ ಹೀಗೆಯೇ ಮಾಡುತ್ತಿದ್ದರಂತೆ. ಅಲ್ಲಿಂದ ಮುಂದೆ ಡಬ್ಬಗಳು ನಮ್ಮೆರಡು ಮನೆಗಳ ನಡುವೆ ಓಡಾಡುತ್ತಲೇ ಇದ್ದವು. ಇದಕ್ಕೆ ಇನ್ನೊಂದು ನಿಯಮವೂ ಉಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಟ್ಟ ಡಬ್ಬವನ್ನು ವಾಪಸ್ ಕೇಳಬಾರದು. ಡಬ್ಬ ಕೇಳಿದರೆ ಅದರಲ್ಲಿ ತುಂಬಿ ಬರುವುದನ್ನೂ ಕೇಳಿದ ಹಾಗಾಗುತ್ತದೆ.

ಅವರಿಗೆ ಕಲ್ಲಿನ ಹುಚ್ಚು ಹಿಡಿದದ್ದು ತಮಿಳುನಾಡಿನಲ್ಲಿ. ನೂಲು ಮಾರಲು ಕಾಂಚೀಪುರದ ಕಡೆ ಹೋದಾಗ ವ್ಯಾಪಾರಿಯೊಬ್ಬರ ಮೇಜಿನ ಮೇಲೆ, ಕಾಗದ ಹಾರದಿರಲೆಂದು ಇಟ್ಟಿದ್ದ ಕಲ್ಲೊಂದನ್ನು ನೋಡಿದರಂತೆ. ಚಕ್ಕುಲಿಯ ಹಾಗೆ ಸುರುಳಿ ಸುತ್ತಿದ್ದ ಕಲ್ಲು. ಇವರು ಅದರಿಂದ ಕಣ್ಣು ಕೀಳದ್ದನ್ನು ನೋಡಿ ಆ ವ್ಯಾಪಾರಿ ಕೊಟ್ಟೇಬಿಟ್ಟರು. ಅದನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ನೇರ ನನ್ನ ಅಂಗಡಿಗೆ ಬಂದರು.

"ಗೌಡ್ರೇ, ಇದ್ರೊಳಗೊಂದು ಹುಳ ಇತ್ತಂತೆ, ಸಮುದ್ರದ್ದು. ಅದೂ ನಮ್ ಹುಳದಂಗೆ ಮೈಸುತ್ತ ಗೂಡ್ ಕಟ್ಕಂಡಿತ್ತು. ಹುಳ ಹೋಯ್ತು, ಗೂಡು ಕಲ್ಲಾಗ್ಬುಡ್ತು."

ಅವ್ವ ಅದನ್ನು ನೋಡಿದವಳೇ ಸಾಲಿಗ್ರಾಮ ಎಂದು ಕೈಮುಗಿದಳು. ಚಪ್ಪಲಿ ಬಿಡುವ ಕಡೆ ಇಡಬೇಡಿ ಎಂದು ಇಬ್ಬರಿಗೂ ಬೈದಳು. ಸಾಹೇಬರು ಅಂದಿನಿಂದ ಆ ಕಲ್ಲನ್ನು ಶೆಡ್ಡಿನ ಗೋಡೆಯ ಎತ್ತರದ ಗೂಡಿನಲ್ಲಿಟ್ಟರು.

ಪಳೆಯುಳಿಕೆ ಎಂದು ಹುಡುಕುತ್ತ ಹೋದಾಗ ಇಂಟರ್‌ನೆಟ್ಟಿನಲ್ಲಿ ಇಂಥದೇ ಹುಚ್ಚಿನವರ ಒಂದು ಗುಂಪು ಸಿಕ್ಕಿತು. ತಮಗೆ ಹೊಸದಾಗಿ ಸಿಕ್ಕಿದ್ದು, ಅಂಚೆಯಲ್ಲಿ ಬಂದ ಉಡುಗೊರೆ, ಎಲ್ಲದರ ಫೋಟೋ ಹಾಕಿಕೊಂಡು ಅವರು ಒಬ್ಬರಿಗೊಬ್ಬರು ಭೇಷ್ ಎನ್ನುತ್ತಿದ್ದರು. ಸಾಹೇಬರು ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. 'ರೇಷ್ಮೆ ಸಾಹೇಬ್' ಎಂಬ ಹೆಸರನ್ನು ಅಲ್ಲಿ ನಾನೇ ಇಟ್ಟೆ. ಕ್ಯಾಮೆರಾ ಇರಲಿಲ್ಲವಲ್ಲ, ಕಲ್ಲನ್ನು ಸ್ಕ್ಯಾನರಿನ ಮೇಲೆ ಮಲಗಿಸಿ, ಮೇಲೆ ಕಪ್ಪು ಬಟ್ಟೆ ಮುಚ್ಚಿ ಸ್ಕ್ಯಾನ್ ಮಾಡುತ್ತಿದ್ದೆವು. ಗಾಜಿಗೆ ಗೀರು ಬಿದ್ದು ನಾನು ಹಾರಾಡಿದ್ದೂ ಉಂಟು. ಆ ಕಾಲದಲ್ಲಿ ನನ್ನ ಹತ್ತಿರ ಸ್ಕ್ಯಾನ್ ಮಾಡಿಸಿದ ಅಂಕಪಟ್ಟಿಗಳ ಮೂಲೆಯಲ್ಲಿ ಒಂದು ಸೊಟ್ಟ ಗೆರೆ ಇದ್ದರೆ, ಅದು ಯಾವುದೋ ಸಮುದ್ರದ ಶಂಖದ್ದು.

ಆ ಗುಂಪಿನಲ್ಲಿ ಇವರಿಗೆ ಹೆಚ್ಚು ಹತ್ತಿರವಾದವರು ಅರಿಯಲೂರಿನ ಒಬ್ಬ ಮೇಷ್ಟ್ರು. ಸಿಮೆಂಟಿಗೆ ಸುಣ್ಣಕಲ್ಲು ತೆಗೆಯುವ ಗುಂಡಿಗಳ ಪಕ್ಕದ ಶಾಲೆ ಅವರದು. ಚಿಪ್ಪು, ಶಂಖ, ಒಂದು ಸಲ ಮೀನಿನ ಹಲ್ಲು, ಹೀಗೆ ಕಳಿಸುತ್ತಲೇ ಇದ್ದರು. ಬದಲಿಗೆ ಸಾಹೇಬರು ಏನು ಕಳಿಸಬೇಕು? ಚನ್ನಪಟ್ಟಣಕ್ಕೆ ಹೋಗಿ ಬಣ್ಣದ ಗೊಂಬೆ ತಂದರು. ಇನ್ನೊಮ್ಮೆ ರೇಷ್ಮೆ ನೂಲಿನ ಲಡಿ ಇಟ್ಟರು. ಒಡೆಯದಿರಲೆಂದು ಸುತ್ತ ನೂಲು ಬಾರದ ಗೂಡುಗಳನ್ನು ತುಂಬುತ್ತಿದ್ದರು. ಮೊದಲ ಸಲವೇ ಮೇಷ್ಟ್ರು, ಇದೆಲ್ಲ ಯಾಕೆ ಎಂದು ಸಂಕೋಚಪಟ್ಟು ಬರೆದರು. ಸಾಹೇಬರು ಹೇಳಿದರು, ನಾನು ಟೈಪ್ ಮಾಡಿದೆ: ನಮ್ಮ ಕಡೆ ಖಾಲಿ ಡಬ್ಬ ವಾಪಸ್ ಕಳಿಸುವುದಿಲ್ಲ. ಮೇಷ್ಟ್ರಿಗೆ ಆ ಮಾತು ಬಹಳ ಹಿಡಿಸಿತು. ತಮ್ಮ ತರಗತಿಯಲ್ಲೂ ಅದನ್ನು ಹೇಳಿದರಂತೆ.

ಆದರೆ ಸಾಹೇಬರ ಮನಸ್ಸಿಗೆ ಸಮಾಧಾನವಿರಲಿಲ್ಲ.

"ಅವ್ರು ನೆಲದಲ್ಲಿ ಹುಡ್ಕಿದ್ನ ಕಳಿಸ್ತಾರೆ. ನಾನು ಅಂಗ್ಡೀಲಿ ಕೊಂಡಿದ್ನ ಕಳಿಸ್ತೀನಿ. ಇದು ಸಮ ಆಯ್ತದಾ ಗೌಡ್ರೇ? ಒಂದಾದ್ರೂ ನನ್ ಕೈಯಾರ ಹುಡ್ಕಿ ಕಳಿಸ್ಬೇಕು."

ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ? ಬೆಂಗಳೂರು ರಸ್ತೆ ಅಗಲವಾಗುತ್ತಿತ್ತು, ಬಿಡದಿಯ ಕಡೆ ದಿನಕ್ಕೊಂದು ಕಾರ್ಖಾನೆಯ ಗೋಡೆ ಏಳುತ್ತಿತ್ತು. ಅದಕ್ಕೆಲ್ಲ ಜಲ್ಲಿ ಒದಗಿಸಲು ಕನಕಪುರ, ಮಾಗಡಿ ದಾರಿಯಲ್ಲಿ ಕ್ರಷರುಗಳು ದೂಳೆಬ್ಬಿಸುತ್ತಿದ್ದವು. ಶುಕ್ರವಾರದ ನಮಾಜ್ ಮುಗಿಸಿ ಸಾಹೇಬರು ಮೊಪೆಡ್ ಹತ್ತುತ್ತಿದ್ದರು. ತಿಪ್ಪಸಂದ್ರದ ತನಕವೂ ಹೋಗಿ ಬಂದರು. ಒಡೆದ ಕಲ್ಲುಗಳನ್ನು ತಿರುವಿ ತಿರುವಿ ನೋಡಿ, ಗಡ್ಡಕ್ಕೆಲ್ಲ ಬಿಳಿ ದೂಳು ಮೆತ್ತಿಕೊಂಡು ಬರಿಗೈಯಲ್ಲಿ ಬರುತ್ತಿದ್ದರು.

ಕೊನೆಗೊಂದು ಶುಕ್ರವಾರ ಸಂಜೆ ಮೊಪೆಡ್ಡಿಗೆ ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ ಒಳಗೆ ಓಡಿ ಬಂದರು. ಟವೆಲ್ ಬಿಚ್ಚಿದರೆ ಒಂದು ಚಪ್ಪಟೆ ಕಲ್ಲು. ಅದರ ಮೈಮೇಲೆ ಕಪ್ಪು ಜರೀಗಿಡ, ಯಾರೋ ಶಾಯಿಯಲ್ಲಿ ಬರೆದ ಹಾಗೆ ಎಸಳು ಎಸಳಾಗಿ ಹರಡಿತ್ತು. "ಎಲ್ಲಿ ಸಿಕ್ತು ಗೊತ್ತಾ? ನಿಮ್ ಕೂಟಗಲ್ ಕಡೇಲಿ!" ಎಂದರು. ನನಗೂ ಮೈ ಜುಮ್ಮೆಂದಿತು. ನಮ್ಮೂರಲ್ಲಿ ಯಾವ ಕಾಲದಲ್ಲೋ ಬೆಳೆದ ಗಿಡ! ಆ ರಾತ್ರಿ ಅವ್ವನಿಗೂ ಹೇಳಿಬಿಟ್ಟೆ.

ಸಾಹೇಬರು ಶೆಡ್ಡಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಆ ಕಲ್ಲಿಗೆಂದೇ ಅಳತೆ ಕೊಟ್ಟು ಚನ್ನಪಟ್ಟಣದಲ್ಲಿ ಕೆಂಪು ಹಳದಿ ಪಟ್ಟೆಯ ಡಬ್ಬ ಮಾಡಿಸಿದರು. ಡಬ್ಬದೊಳಗೆ ಗಿಡದ ಕಲ್ಲು, ಸುತ್ತ ಗೂಡು, ಅದರ ಸುತ್ತ ನನ್ನ ಟೇಪು. ಅರಿಯಲೂರಿಗೆ ಹೊರಟಿತು.

ಮೇಷ್ಟ್ರ ಉತ್ತರ ಬಂದ ದಿನ ಸಾಹೇಬರು ಸ್ಟೂಲಿನ ಮೇಲೆ ಕೂತಿದ್ದರು. ನಾನು ಓದಿ ಓದಿ ಕನ್ನಡದಲ್ಲಿ ಹೇಳಿದೆ. ಇದು ಗಿಡವಲ್ಲ. ಬಂಡೆಯ ಬಿರುಕಿಗೆ ಇಳಿದ ನೀರಿನ ಜೊತೆ ಬಂದ ಖನಿಜ ಹೀಗೆ ಗಿಡದ ಹಾಗೆ ಕವಲೊಡೆಯುತ್ತದೆ. ಎಲ್ಲರೂ ಮೋಸ ಹೋಗುತ್ತಾರೆ, ನಾನೂ ಹೋಗಿದ್ದೆ. ನಿಮ್ಮ ಕಡೆಯ ಬಂಡೆ ಭೂಮಿಯ ಮೇಲೆ ಗಿಡ, ಪ್ರಾಣಿ ಬರುವುದಕ್ಕಿಂತ ಎಷ್ಟೋ ಮುಂಚಿನದು, ಅದರಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಡಬ್ಬ ಕಳಿಸುತ್ತೇನೆ, ತಡವಾಗುತ್ತದೆ.

ಸಾಹೇಬರು ಸ್ಕ್ಯಾನರಿನ ಗಾಜಿನ ಗೀರನ್ನು ಬೆರಳಿನಿಂದ ಸವರಿದರು. ಆಮೇಲೆ, "ನೀವೂ ಒಸಿ ಸುಳ್ಳು ಹೇಳ್ಬೋದಾಗಿತ್ತು, ಗಿಡಾನೇ ಅಂತೆ ಅಂತ" ಎಂದರು.

"ಹೇಳಿದ್ರೆ ನೀವು ಆ ಮೇಷ್ಟ್ರಿಗೆ ಇನ್ನೊಂದು ಗಿಡ ಕಳಿಸ್ತಿದ್ರಿ" ಎಂದೆ.

ನಕ್ಕರು. ಆದರೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು: "ತಡ ಆಯ್ತದೆ ಅಂತ ಯಾಕ್ ಬರ್ದವ್ರೆ?"

ಡಬ್ಬ ಬರಲೇ ಇಲ್ಲ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ನೆನಪಾದಾಗಲೆಲ್ಲ, ಹಬೆಗೆ ಬೆಂದ ಬೆರಳುಗಳನ್ನು ಒರೆಸಿಕೊಳ್ಳುತ್ತ ಬಂದು ಕೇಳುತ್ತಿದ್ದರು: "ಡಬ್ಬ ಬಂತಾ?" ನಾನೇ ಮೇಷ್ಟ್ರಿಗೆ ಬರೆದು ಕೇಳುತ್ತೇನೆ ಎಂದರೆ ಗಾಬರಿಯಾಗುತ್ತಿದ್ದರು. "ಬ್ಯಾಡ ಬ್ಯಾಡ, ಕೊಟ್ಟಿದ್ ಡಬ್ಬ ಕೇಳ್ತಾರಾ? ಸುಳ್ ಕಲ್ ಕಳ್ಸಿದ್ನಲ್ಲ, ಇವ್ನ ಸವಾಸ ಸಾಕು ಅನ್ನಿಸಿರ್ತೈತೆ." ಇದೆಂಥ ಹಟ ಎಂದು ನನಗೆ ಸಿಟ್ಟು ಬರುತ್ತಿತ್ತು. ಅವರು ಗುಂಪಿನಲ್ಲಿ ಮಾತಾಡುವುದನ್ನೇ ಬಿಟ್ಟರು. ಕೊಡಲು ಏನೂ ಇಲ್ಲದವನು ಕೇಳಿಕೊಂಡು ಕೂರಬಾರದು ಎಂಬುದು ಅವರ ಲೆಕ್ಕ.

ಬೆಳಿಗ್ಗೆ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸುಗಳು ಊರೊಳಗೆ ಬರತೊಡಗಿದ ಮೇಲೆ ಅವರ ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಬಸ್ ಹತ್ತಿದರು. ತಪ್ಪೇನು, ಅಲ್ಲಿ ಕೈ ಬೇಯುವುದಿಲ್ಲ. ಇತ್ತ ಊರಿನಲ್ಲೇ ನೂಲು ಬಿಚ್ಚುವ ದೊಡ್ಡ ಮೆಷಿನ್ನುಗಳು ಬಂದವು. ಒಂದು ದಿನ ನನ್ನ ಕಿಟಕಿಗೆ ಹಬೆ ಬರಲಿಲ್ಲ... ನಾನು ಕಿಟಕಿ ತೆರೆದು ನೋಡಿದೆ. ಶೆಡ್ಡಿಗೆ ಬೀಗ ಬಿದ್ದಿತ್ತು. ಎಷ್ಟು ಬೈದುಕೊಂಡಿದ್ದ ವಾಸನೆ ಅದು! ಇಲ್ಲವೆಂದಾದಾಗ ನನಗೇನೂ ಖುಷಿಯಾಗಲಿಲ್ಲ.

ಆಮೇಲೆ ಅವರು ಪೇಪರ್ ಓದುವ ನೆಪದಲ್ಲಿ ನನ್ನ ಅಂಗಡಿಯಲ್ಲೇ ಕೂರುತ್ತಿದ್ದರು. ಅಷ್ಟರಲ್ಲಿ ಆ ಗುಂಪೂ ಮುಚ್ಚಿಹೋಗಿತ್ತು. ಎದೆಯ ಕಾಯಿಲೆ ಜೋರಾಗಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಉಸಿರಿಗೆ ಒದ್ದಾಡುತ್ತಿದ್ದರೂ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ಇಲ್ಲ ಎಂದು ತಲೆಯಾಡಿಸಿದೆ. ಅದಾಗಿ ಕೆಲವೇ ದಿನಕ್ಕೆ ಅವರು ಹೋದರು.

ಹೋದ ವಾರ ಆ ಡಬ್ಬದ ಮುಚ್ಚಳ ತಿರುಗಿಸಿದಾಗ ಒಳಗೆ ಒಂದು ಪುಟ್ಟ ಸುರುಳಿ ಕಲ್ಲಿತ್ತು. ಅಂಚು ಮುರಿದಿತ್ತು, ಅಂಥ ಚಂದದ್ದೇನಲ್ಲ. ಪಾರ್ಸೆಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ನಾನು ಯಾರೆಂದು ತಿಳಿದದ್ದೇ ತಡ, ಮುದಿ ದನಿಯೊಂದು ಕೇಳಿತು: "ಸಾಹೇಬ್ ಸೌಖ್ಯಮಾ?"

ಸಾಹೇಬರ ಮಾತು ಬಿಟ್ಟು, ಇಷ್ಟು ವರ್ಷ ಯಾಕೆ ತಡಮಾಡಿದಿರಿ ಎಂದೆ. ತಮಿಳು, ಇಂಗ್ಲಿಷ್ ಬೆರೆಸಿ ಮೇಷ್ಟ್ರು ಹೇಳಿದ್ದು ಇಷ್ಟು. ಅವರು ಕಳಿಸುತ್ತಿದ್ದದ್ದೆಲ್ಲ ಗುಂಡಿಯ ಕೂಲಿಯವರು, ಶಾಲೆಯ ಮಕ್ಕಳು ತಂದುಕೊಟ್ಟದ್ದು. ಅವರೇ ಹುಡುಕಿದ್ದು ಒಂದೂ ಇರಲಿಲ್ಲ. ಸಾಹೇಬರು ಊರೂರು ಅಲೆದು ತಮ್ಮ ಕೈಯಾರ ಹುಡುಕಿದ್ದನ್ನು ಕಳಿಸಿದರು. ಗಿಡವೋ ಅಲ್ಲವೋ, ಆ ಮಾತು ಬೇರೆ. "ಖಾಲಿ ಡಬ್ಬ ಕಳಿಸುವುದಿಲ್ಲ ಎಂದು ನೀವೇ ಬರೆದಿದ್ದಿರಲ್ಲ, ಅದಕ್ಕೆ ಸಮನಾದದ್ದು ಬೇಡವೇ? ರಿಟೈರ್ ಆದ ಮೇಲೆ ನಾನೇ ಹುಡುಕಲು ಶುರುಮಾಡಿದೆ, ಈ ವರ್ಷ ಸಿಕ್ಕಿತು. ಗೂಡುಗಳನ್ನು ಕೂಡ ಹಾಗೇ ಇಟ್ಟಿದ್ದೆ. ಡಬ್ಬ ನನ್ನ ಹತ್ತಿರ ಇದೆ ಎಂದರೆ ಸ್ನೇಹ ಇದೆ ಎಂದೇ ಅಲ್ಲವೇ..."

ಸಾಹೇಬರು ಈಗಿಲ್ಲ ಎಂದೆ. ಮೇಷ್ಟ್ರು "ಅಯ್ಯೋ" ಎಂದರು, ಫೋನ್ ಇಟ್ಟರು.

ಡಬ್ಬ ತೆಗೆದುಕೊಂಡು ಸಾಹೇಬರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಆಪಾ ಎನ್ನುತ್ತೇವೆ. ಆಪಾ ಕಲ್ಲನ್ನು ಸೆರಗಿನಿಂದ ಒರೆಸಿ, ಕನ್ನಡಕದ ಹತ್ತಿರ ತಂದು ನೋಡಿದರು.

"ಇದು ಅಸಲಿನಾ?"

"ಅಸಲಿ ಆಪಾ. ಮೇಷ್ಟ್ರೇ ಹುಡುಕಿದ್ದು." ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ.

"ಸಿಟ್ಟಿರಲಿಲ್ಲ ಹಂಗಾರೆ ಅವ್ರಿಗೆ" ಎಂದರು ಆಪಾ. "ಇವ್ರು ಅದ್ನೇ ಅನ್ಕಂಡು ಹೋಗ್ಬುಟ್ರಲ್ಲಪ್ಪಾ." ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ. ಇಬ್ಬರು ದೊಡ್ಡ ಮನುಷ್ಯರು, ಒಬ್ಬರು ಕೇಳಬಾರದು ಎಂದು, ಇನ್ನೊಬ್ಬರು ಖಾಲಿ ಕಳಿಸಬಾರದು ಎಂದು, ಹೀಗೆ ಕಾದು ಕೂತಿದ್ದರಲ್ಲ.

ಆಪಾ ಆ ಕಲ್ಲನ್ನು, ಶೆಡ್ಡಿನಿಂದ ಮನೆಗೆ ಬಂದಿದ್ದ ಸಾಹೇಬರ ಮೊದಲ ಸುರುಳಿ ಕಲ್ಲಿನ ಪಕ್ಕದಲ್ಲಿಟ್ಟರು. ಡಬ್ಬ ಹಿಡಿದು ಅಡುಗೆಮನೆಗೆ ಹೋದರು. ವಾಪಸ್ ತಂದು ಕೊಟ್ಟಾಗ ಅದು ಭಾರವಾಗಿತ್ತು. ಮುಚ್ಚಳ ತೆಗೆದು ನೋಡುವ ಅಗತ್ಯವಿರಲಿಲ್ಲ, ಅಂಚಿನಲ್ಲಿ ಒಂದೆರಡು ಸಕ್ಕರೆ ಕಾಳು ಅಂಟಿದ್ದವು.

"ಕಳಿಸ್ಬುಡಿ. ಇವ್ರ ಥರ ಅವ್ರೂ ಕಾಯ್ಕಂಡ್ ಕೂರೋದು ಬ್ಯಾಡ."

ಅಂಗಡಿಗೆ ಬಂದು ಇರುವೆ ಹತ್ತದ ಹಾಗೆ ಮುಚ್ಚಳದ ಸುತ್ತ ಟೇಪು ಸುತ್ತಿದೆ. ಹೊಸ ಗೂಡು ತರೋಣವೆಂದರೆ ಈಗ ನನಗೆ ಪರಿಚಯದ ಶೆಡ್ ಒಂದೂ ಇಲ್ಲ. ಬಂದ ಹಳೆಯ ಗೂಡುಗಳನ್ನೇ ಮತ್ತೆ ತುಂಬಿದೆ. ಅರಿಯಲೂರಿನ ವಿಳಾಸ ಬರೆದೆ. ಕಳಿಸುವವರ ಹೆಸರು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದೆ: ರೇಷ್ಮೆ ಸಾಹೇಬ್, ರಾಮನಗರ.